ಎಲುಬಿನ ಸುದ್ದಿ ಹೇಳುವ ರಕ್ತಪರೀಕ್ಷೆಗಳು

ಮೂತ್ರಪಿಂಡ ವೈಫಲ್ಯದ ರೋಗಿಗಳು ಹಾಗೂ ಅವರ ಆರೈಕೆ ಮಾಡುವವರ ತಿಳಿವಳಿಕೆಗಾಗಿ

"ತೊಂದರೆ ಇರುವುದು ಕಿಡ್ನಿಯಲ್ಲಿ. ಎಲುಬಿನ ಪರೀಕ್ಷೆ ಯಾಕೆ ಬರೆದಿದ್ದಾರೆ ಸಿಸ್ಟರ್?" ಡಯಾಲಿಸಿಸ್‌ಗೆ ರೋಗಿಗಳನ್ನು ಕರೆತಂದವರು ಚೀಟಿ ಕೈಯಲ್ಲಿ ಹಿಡಿದು ಪದೇ ಪದೇ ಕೇಳುವ ಪ್ರಶ್ನೆ ಇದು. ಪ್ರಶ್ನೆ ನ್ಯಾಯವಾದುದೇ. ಕ್ರಿಯಾಟಿನಿನ್, ಹಿಮೋಗ್ಲೋಬಿನ್, ಪೊಟ್ಯಾಸಿಯಂ ಇವುಗಳ ಹೆಸರು ಮನೆಮಂದಿಗೆಲ್ಲ ಬಾಯಿಪಾಠವಾಗಿರುತ್ತದೆ. ಆದರೆ ಕ್ಯಾಲ್ಸಿಯಂ, ಫಾಸ್ಫರಸ್, ಪಿ.ಟಿ.ಎಚ್., ಅಲ್ಕಲೈನ್ ಫಾಸ್ಫಟೇಸ್, ವಿಟಮಿನ್ ಡಿ ಎಂಬ ಐದು ಪರೀಕ್ಷೆಗಳು ಯಾಕೆಂದು ತಿಳಿದವರು ಕಡಿಮೆ. ಅವುಗಳಲ್ಲಿ ಪಿ.ಟಿ.ಎಚ್.ಗೆ ದರವೂ ಹೆಚ್ಚು. ಹೀಗಾಗಿ "ಮುಂದಿನ ತಿಂಗಳು ನೋಡೋಣ" ಎಂದು ಚೀಟಿ ಜೇಬು ಸೇರಿಬಿಡುತ್ತದೆ.

ಎಲುಬಿನ ಕಾಯಿಲೆ ನೋವಾಗಿ ಹೊರಗೆ ಕಾಣಿಸಿಕೊಳ್ಳುವ ಹೊತ್ತಿಗೆ ಒಳಗೆ ಬಹಳಷ್ಟು ನಡೆದುಹೋಗಿರುತ್ತದೆ. ರಕ್ತ ಅದಕ್ಕಿಂತ ಎಷ್ಟೋ ಮೊದಲೇ ಸುಳಿವು ಕೊಡುತ್ತದೆ. ಆದರೆ ಒಂದೇ ಅಂಕಿಯನ್ನು ನೋಡಿ ಅರ್ಥ ಮಾಡಿಕೊಳ್ಳಲು ಹೋದರೆ ಆ ಸುಳಿವು ನಮ್ಮನ್ನು ದಾರಿ ತಪ್ಪಿಸುವುದೂ ಉಂಟು. ಅದನ್ನೇ ಇಲ್ಲಿ ಸ್ವಲ್ಪ ವಿವರವಾಗಿ ತಿಳಿಸಲು ಪ್ರಯತ್ನಿಸಿದ್ದೇನೆ.

ಕಿಡ್ನಿಗೂ ಎಲುಬಿಗೂ ಏನು ನಂಟು?

ಎಲುಬು ಒಣಗಿದ ಕಟ್ಟಿಗೆಯಲ್ಲ, ಜೀವವಿರುವ ಅಂಗ. ಪ್ರತಿದಿನ ಅದರ ಸ್ವಲ್ಪ ಭಾಗ ಕರಗುತ್ತದೆ, ಆ ಜಾಗದಲ್ಲಿ ಹೊಸದು ಕಟ್ಟಿಕೊಳ್ಳುತ್ತದೆ. ವಯಸ್ಕರ ದೇಹದಲ್ಲಿ ಸುಮಾರು ಒಂದು ಕಿಲೋ ಕ್ಯಾಲ್ಸಿಯಂ, ಅಂದರೆ ಸುಣ್ಣದ ಅಂಶ ಇರುತ್ತದೆ. ಅದರಲ್ಲಿ ಶೇಕಡ 99ರಷ್ಟು ಎಲುಬು ಮತ್ತು ಹಲ್ಲುಗಳಲ್ಲೇ ಇದೆ. ರಕ್ತದಲ್ಲಿರುವುದು ಅತ್ಯಲ್ಪ. ಆದರೆ ಹೃದಯ ಬಡಿಯಲು, ಸ್ನಾಯು ಮಡಚಲು, ನರಗಳು ಸಂದೇಶ ಸಾಗಿಸಲು ಆ ಅತ್ಯಲ್ಪವೇ ಬೇಕು. ಆದ್ದರಿಂದ ರಕ್ತದಲ್ಲಿ ಕ್ಯಾಲ್ಸಿಯಂ ಇಳಿಯದಂತೆ ದೇಹ ಹಟ ಹಿಡಿದು ಕಾಯುತ್ತದೆ. ಕೊರತೆ ಬಿದ್ದರೆ ಎಲುಬಿನಿಂದ ತೆಗೆದು ಕೊಡುತ್ತದೆ. ನಮ್ಮ ಹಿರಿಯರು ಹಗೇವಿನಲ್ಲಿ ಜೋಳ ತುಂಬಿಟ್ಟು ಬೇಕಾದಾಗ ತೆಗೆಯುತ್ತಿದ್ದ ಹಾಗೆ ಎಂದುಕೊಳ್ಳಿ.

ಈ ವ್ಯವಹಾರದಲ್ಲಿ ಕಿಡ್ನಿಗೆ ಎರಡು ಮುಖ್ಯ ಕೆಲಸಗಳಿವೆ. ಒಂದು, ಆಹಾರದಿಂದ ಬಂದ ಹೆಚ್ಚಿನ ಫಾಸ್ಫರಸ್ಸನ್ನು, ಅಂದರೆ ರಂಜಕವನ್ನು ಮೂತ್ರದಲ್ಲಿ ಹೊರಹಾಕುವುದು. ಎರಡು, ಬಿಸಿಲಿನಿಂದ ಮತ್ತು ಆಹಾರದಿಂದ ಸಿಕ್ಕ ವಿಟಮಿನ್ ಡಿಯನ್ನು ಕೆಲಸ ಮಾಡುವ ರೂಪಕ್ಕೆ ಬದಲಾಯಿಸುವುದು. ಈ ಎರಡನೆಯ ಕೆಲಸ ಕಿಡ್ನಿಯಲ್ಲಿ ನಡೆಯುತ್ತದೆ ಎಂಬುದನ್ನು ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಫ್ರೇಸರ್ ಮತ್ತು ಕೊಡಿಚೆಕ್ ಎಂಬ ವಿಜ್ಞಾನಿಗಳು 1970ರಲ್ಲಿ ತೋರಿಸಿಕೊಟ್ಟರು. ಕಿಡ್ನಿ ಸೋತವರು ದಿನವೆಲ್ಲ ಹೊಲದಲ್ಲಿ ಬಿಸಿಲಿಗೆ ಇದ್ದರೂ ಎಲುಬು ಸವೆಯುವುದು ಯಾಕೆ ಎಂಬುದಕ್ಕೆ ಉತ್ತರ ಇಲ್ಲಿದೆ. ಬಿಸಿಲು ಕಚ್ಚಾ ಸಾಮಗ್ರಿ ಕೊಡುತ್ತದೆ. ಅದನ್ನು ಸಿದ್ಧಮಾಡುವ ಕಾರ್ಖಾನೆ ನಿಂತಿರುತ್ತದೆ.

ಕಿಡ್ನಿ ಸೋಲತೊಡಗಿದಾಗ ಫಾಸ್ಫರಸ್ ಒಳಗೇ ಉಳಿಯಲು ಶುರುವಾಗುತ್ತದೆ. ಸಿದ್ಧ ವಿಟಮಿನ್ ಡಿ ಕಡಿಮೆಯಾಗಿ ಕರುಳು ಕ್ಯಾಲ್ಸಿಯಂ ಹೀರಿಕೊಳ್ಳುವುದೂ ಕುಗ್ಗುತ್ತದೆ. ಆಗ ಕುತ್ತಿಗೆಯಲ್ಲಿ, ಥೈರಾಯ್ಡ್ ಗ್ರಂಥಿಯ ಹಿಂಬದಿಗೆ ಅಂಟಿಕೊಂಡಿರುವ ಬೇಳೆಕಾಳಿನಷ್ಟು ಸಣ್ಣ ನಾಲ್ಕು ಗ್ರಂಥಿಗಳು ಎಚ್ಚೆತ್ತುಕೊಳ್ಳುತ್ತವೆ. ಇವೇ ಪ್ಯಾರಾಥೈರಾಯ್ಡ್ ಗ್ರಂಥಿಗಳು. ಇವು ಸುರಿಸುವ ಹಾರ್ಮೋನೇ ಪಿ.ಟಿ.ಎಚ್. ಎಲುಬಿನಿಂದ ಕ್ಯಾಲ್ಸಿಯಂ ತೆಗೆದು ರಕ್ತಕ್ಕೆ ಹಾಕಿಸುವುದು ಇದರ ಕೆಲಸ. ತಿಂಗಳುಗಟ್ಟಲೆ, ವರ್ಷಗಟ್ಟಲೆ ಇದೇ ನಡೆದರೆ ಹಗೇವು ಬರಿದಾಗುತ್ತಾ ಹೋಗುತ್ತದೆ. ಇದು ಡಯಾಲಿಸಿಸ್ ಶುರುವಾದ ಮೇಲೆ ಬರುವ ಕಾಯಿಲೆ ಎಂದು ಹಲವರು ತಿಳಿದಿದ್ದಾರೆ. ನಿಜವಾಗಿ ಕಿಡ್ನಿಯ ಶಕ್ತಿ ಅರ್ಧದಷ್ಟು ಕುಗ್ಗುವ ಹೊತ್ತಿಗೇ ಈ ಸರಪಳಿ ಆರಂಭವಾಗಿರುತ್ತದೆ. ಅದಕ್ಕೇ ಮೂರನೇ ಹಂತದಿಂದಲೇ ಈ ಪರೀಕ್ಷೆಗಳನ್ನು ಬರೆಯುತ್ತಾರೆ.

ಕ್ಯಾಲ್ಸಿಯಂ ಸರಿಯಿದೆ, ಹಾಗಾದರೆ ಚಿಂತೆಯಿಲ್ಲವೇ?

ರಿಪೋರ್ಟಿನಲ್ಲಿ ಕ್ಯಾಲ್ಸಿಯಂ 9.2 ಎಂದಿದ್ದರೆ, ಪಕ್ಕದಲ್ಲಿ 8.5ರಿಂದ 10.5 ಸಹಜ ಎಂದು ಮುದ್ರಿಸಿದ್ದರೆ, "ಎಲುಬು ಗಟ್ಟಿಯಾಗಿದೆ" ಎಂದು ಸಮಾಧಾನಪಟ್ಟುಕೊಳ್ಳುವವರಿದ್ದಾರೆ. ಹಾಗಲ್ಲ. ಮೇಲೆ ಹೇಳಿದಂತೆ ಎಲುಬನ್ನು ಕರಗಿಸಿಯಾದರೂ ದೇಹ ರಕ್ತದ ಕ್ಯಾಲ್ಸಿಯಂ ಕಾಪಾಡುತ್ತದೆ. ಅಡುಗೆಮನೆಯ ಡಬ್ಬಿ ತುಂಬಿದೆ ಎಂದ ಮಾತ್ರಕ್ಕೆ ಹಗೇವಿನಲ್ಲಿ ಜೋಳ ಇದೆ ಎಂದು ಹೇಳಲಾಗದು. ಹಗೇವು ಬರಿದಾಗುತ್ತಿರುವುದರಿಂದಲೇ ಡಬ್ಬಿ ತುಂಬಿರಲೂಬಹುದು. ಆದ್ದರಿಂದ ಕ್ಯಾಲ್ಸಿಯಂ ಅಂಕಿಯನ್ನು ಪಿ.ಟಿ.ಎಚ್. ಜೊತೆಗಿಟ್ಟೇ ಓದಬೇಕು. ಪಿ.ಟಿ.ಎಚ್. ಮಾಡಿಸದೆ ಕ್ಯಾಲ್ಸಿಯಂ ಒಂದನ್ನೇ ಮಾಡಿಸಿ ಬರುವುದರಿಂದ ಅರ್ಧ ಸುದ್ದಿ ಮಾತ್ರ ಸಿಗುತ್ತದೆ.

ಇನ್ನೊಂದು ವಿಷಯ. ರಕ್ತದ ಕ್ಯಾಲ್ಸಿಯಂನಲ್ಲಿ ಸುಮಾರು ಅರ್ಧದಷ್ಟು ಆಲ್ಬುಮಿನ್ ಮೊದಲಾದ ಪ್ರೋಟೀನಿಗೆ ಅಂಟಿಕೊಂಡು ತಿರುಗುತ್ತದೆ. ಊಟ ಸೇರದೆ ಆಲ್ಬುಮಿನ್ ಇಳಿದವರಲ್ಲಿ ಕ್ಯಾಲ್ಸಿಯಂ ನಿಜಕ್ಕಿಂತ ಕಡಿಮೆ ಕಾಣುತ್ತದೆ. ಆಲ್ಬುಮಿನ್ 4ಕ್ಕಿಂತ ಎಷ್ಟು ಗ್ರಾಂ ಕಡಿಮೆಯಿದೆಯೋ ಪ್ರತಿ ಗ್ರಾಂಗೆ 0.8ರಂತೆ ಕ್ಯಾಲ್ಸಿಯಂಗೆ ಕೂಡಿಸಿ ನೋಡುವುದು ರೂಢಿ. ಆಲ್ಬುಮಿನ್ 3, ಕ್ಯಾಲ್ಸಿಯಂ 8.2 ಇದ್ದರೆ ಲೆಕ್ಕಕ್ಕೆ 9.0 ಎಂದಾಯಿತು. ಇದು ಅಂದಾಜಿನ ಲೆಕ್ಕ. ಸಂದೇಹ ಬಂದರೆ ವೈದ್ಯರು ಅಯಾನಿಕ್ ಕ್ಯಾಲ್ಸಿಯಂ ಎಂಬ ಪರೀಕ್ಷೆ ಮಾಡಿಸುತ್ತಾರೆ. "ಕ್ಯಾಲ್ಸಿಯಂ ಕಡಿಮೆ ಬಂದಿದೆ" ಎಂದು ರಿಪೋರ್ಟ್ ನೋಡಿ ತಾವೇ ಮಾತ್ರೆ ತಂದುಕೊಳ್ಳಬೇಡಿ ಎನ್ನುವುದಕ್ಕೆ ಇದೂ ಒಂದು ಕಾರಣ.

ಫಾಸ್ಫರಸ್‌ನ ಲೆಕ್ಕ

ಸಹಜವಾಗಿ ಇದು 2.5ರಿಂದ 4.5ರೊಳಗೆ ಇರುತ್ತದೆ. ಡಯಾಲಿಸಿಸ್ ರೋಗಿಗಳಲ್ಲಿ 6, 7, ಕೆಲವೊಮ್ಮೆ ಅದಕ್ಕೂ ಮೇಲೆ ಹೋಗುತ್ತದೆ. ಕಷ್ಟವೇನೆಂದರೆ ಫಾಸ್ಫರಸ್ ಏರಿದಾಗ ಹೆಚ್ಚಿನವರಿಗೆ ಏನೂ ಅನಿಸುವುದಿಲ್ಲ. ಕೆಲವರಿಗೆ ಮೈ ತುರಿಕೆ, ಕಣ್ಣು ಕೆಂಪಾಗುವುದು, ಅಷ್ಟೇ. ನೋವಿಲ್ಲದ ಕಾಯಿಲೆಗೆ ಮಾತ್ರೆ ನುಂಗುವುದೆಂದರೆ ಯಾರಿಗೂ ಬೇಸರವೇ.

"ಡಯಾಲಿಸಿಸ್ ಮಾಡಿಸುತ್ತೇವಲ್ಲ, ಅದೇ ತೆಗೆಯುವುದಿಲ್ಲವೇ?" ಎಂದು ಕೇಳುತ್ತಾರೆ. ತೆಗೆಯುತ್ತದೆ, ಆದರೆ ಸಾಲದು. ದಿನದ ಊಟದಲ್ಲಿ ಸುಮಾರು ಒಂದು ಗ್ರಾಂ ಎಂದರೂ ವಾರಕ್ಕೆ ಏಳು ಗ್ರಾಂ ಫಾಸ್ಫರಸ್ ಹೊಟ್ಟೆಗೆ ಹೋಗುತ್ತದೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ರಕ್ತಕ್ಕೆ ಸೇರುತ್ತದೆ. ನಾಲ್ಕು ಗಂಟೆಯ ಒಂದು ಡಯಾಲಿಸಿಸ್ ಒಂದು ಗ್ರಾಂ ಒಳಗೇ ತೆಗೆಯುತ್ತದೆ. ವಾರಕ್ಕೆ ಮೂರು ಸಲ ಮಾಡಿಸಿದರೂ ಬಾಕಿ ಉಳಿಯಿತಲ್ಲ? ಎರಡೇ ಸಲ ಮಾಡಿಸುವವರಿಗೆ ಬಾಕಿ ಇನ್ನೂ ಹೆಚ್ಚು. ಆ ಬಾಕಿಯನ್ನು ಹೊಟ್ಟೆಯಲ್ಲಿಯೇ ಹಿಡಿದು ಮಲದೊಂದಿಗೆ ಹೊರಹಾಕಲು ಫಾಸ್ಫೇಟ್ ಬೈಂಡರ್ ಮಾತ್ರೆ ಕೊಡುತ್ತಾರೆ.

ಈ ಮಾತ್ರೆ ಅನ್ನದ ಜೊತೆಯಲ್ಲೇ ಹೊಟ್ಟೆಗೆ ಹೋಗಬೇಕು. ಊಟವಾಗಿ ಎರಡು ತಾಸಿನ ಮೇಲೆ ತೆಗೆದುಕೊಂಡರೆ ಹಿಡಿಯಲು ಅಲ್ಲಿ ಏನೂ ಇರುವುದಿಲ್ಲ. ಕ್ಯಾಲ್ಸಿಯಂ ಕಾರ್ಬೋನೇಟ್ ಅಥವಾ ಕ್ಯಾಲ್ಸಿಯಂ ಅಸಿಟೇಟ್ ಬೈಂಡರ್ ಆಗಿದ್ದರಂತೂ ಇದು ಇನ್ನೂ ಮುಖ್ಯ. ಅದೇ ಮಾತ್ರೆ ಊಟದ ಜೊತೆ ಹೋದರೆ ಫಾಸ್ಫರಸ್ ಹಿಡಿಯುತ್ತದೆ. ಬರಿ ಹೊಟ್ಟೆಯಲ್ಲಿ ಹೋದರೆ ಕ್ಯಾಲ್ಸಿಯಂ ರಕ್ತಕ್ಕೆ ಸೇರುತ್ತದೆ. ಎರಡು ತಿಂಗಳ ಮೇಲೆ ರಿಪೋರ್ಟ್ ಬಂದಾಗ ಫಾಸ್ಫರಸ್ ಇಳಿಯದೆ ಕ್ಯಾಲ್ಸಿಯಂ ಮಾತ್ರ ಏರಿದ್ದರೆ ನಾವು ಮೊದಲು ಕೇಳುವುದು, ಮಾತ್ರೆ ಯಾವಾಗ ತೆಗೆದುಕೊಳ್ಳುತ್ತೀರಿ ಎಂದೇ. ಮದುವೆ, ಜಾತ್ರೆಗೆ ಹೋಗುವಾಗ ಮಾತ್ರೆಯ ಡಬ್ಬಿ ಮನೆಯಲ್ಲೇ ಉಳಿಯುತ್ತದೆ. ಹೋಳಿಗೆಯ ಊಟ ಮಾತ್ರ ಆಗಿರುತ್ತದೆ! ಬೈಂಡರ್‌ಗಳಲ್ಲಿ ಕೆಲವನ್ನು ಅಗಿಯಬೇಕು, ಕೆಲವನ್ನು ಇಡಿಯಾಗಿ ನುಂಗಬೇಕು. ತಮ್ಮದು ಯಾವುದೆಂದು ಕೇಳಿ ತಿಳಿದುಕೊಳ್ಳಿ.

ಆಹಾರದ ಬಗ್ಗೆ ಎರಡು ಮಾತು. ಬೇಳೆ, ಕಾಳು, ಜೋಳ, ಶೇಂಗಾ ಇವುಗಳಲ್ಲಿಯೂ ಫಾಸ್ಫರಸ್ ಇದೆ, ಆದರೆ ಅದರ ಬಹುಪಾಲು ನಮ್ಮ ಕರುಳು ಪೂರ್ತಿ ಬಿಡಿಸಿಕೊಳ್ಳಲಾರದ ರೂಪದಲ್ಲಿದೆ. ಹಾಲು, ಖವಾ, ಪೇಡೆಗಳ ಫಾಸ್ಫರಸ್ ಅದಕ್ಕಿಂತ ಸುಲಭವಾಗಿ ರಕ್ತ ಸೇರುತ್ತದೆ. ಕೋಲಾ ಪಾನೀಯ, ಡಬ್ಬಿಯ ಚೀಸ್, ಪ್ಯಾಕೆಟ್ ತಿಂಡಿಗಳಿಗೆ ಕೆಡದಂತೆ ಬೆರೆಸುವ ಫಾಸ್ಫೇಟ್ ಹೆಚ್ಚುಕಡಿಮೆ ಪೂರ್ತಿಯಾಗಿ ಸೇರಿಬಿಡುತ್ತದೆ. ಹಾಗಾಗಿ ಫಾಸ್ಫರಸ್ ಹೆಚ್ಚಾಯಿತೆಂದು ಹೆದರಿ ಬೇಳೆಯನ್ನೇ ಬಿಟ್ಟು ಪ್ರೋಟೀನ್ ಕೊರತೆ ಮಾಡಿಕೊಳ್ಳುವುದು ಜಾಣತನವಲ್ಲ. ಡಯಾಲಿಸಿಸ್ ರೋಗಿಗೆ ಪ್ರೋಟೀನ್ ಬೇಕೇ ಬೇಕು. ಮೊದಲು ಪ್ಯಾಕೆಟ್ಟು, ಬಾಟಲಿ ಬಿಡಿ. ಉಳಿದದ್ದನ್ನು ಆಹಾರತಜ್ಞರನ್ನು ಕೇಳಿ ನಿರ್ಧರಿಸಿ.

ಹೊರಹೋಗದ ಫಾಸ್ಫರಸ್ ಕ್ಯಾಲ್ಸಿಯಂನೊಂದಿಗೆ ಸೇರಿ ರಕ್ತನಾಳದ ಗೋಡೆಗಳಲ್ಲಿ, ಹೃದಯದ ಕವಾಟಗಳಲ್ಲಿ ಕೂತು ಗಟ್ಟಿಯಾಗುತ್ತದೆ. ಎಲುಬಿನಲ್ಲಿರಬೇಕಾದ ಸುಣ್ಣ ನಾಳಗಳಲ್ಲಿ ಕಟ್ಟಿದಂತೆ. ಡಯಾಲಿಸಿಸ್ ರೋಗಿಗಳ ಜೀವಕ್ಕೆ ಅತಿ ದೊಡ್ಡ ಅಪಾಯ ಹೃದಯ ಮತ್ತು ರಕ್ತನಾಳಗಳ ಕಾಯಿಲೆಯೇ. ಹೀಗೆ ಇದು ಎಲುಬಿನ ಮಾತಾಗಿ ಮಾತ್ರ ಉಳಿಯುವುದಿಲ್ಲ. ಎಲುಬು, ರಕ್ತದ ಖನಿಜಗಳು, ರಕ್ತನಾಳ ಮೂರನ್ನೂ ಸೇರಿಸಿ ಒಂದೇ ಕಾಯಿಲೆಯಾಗಿ ನೋಡಬೇಕೆಂದು 2006ರಿಂದ ಜಗತ್ತಿನ ಕಿಡ್ನಿ ತಜ್ಞರು ಒಪ್ಪಿಕೊಂಡಿದ್ದಾರೆ.

ಪಿ.ಟಿ.ಎಚ್. ಏರಿದರೂ ಕಷ್ಟ, ತೀರ ಇಳಿದರೂ ಕಷ್ಟ

ರಕ್ತದಲ್ಲಿ ಪಿ.ಟಿ.ಎಚ್. ಇರುವುದು ಪಿಕೋಗ್ರಾಂ ಲೆಕ್ಕದಲ್ಲಿ, ಅಂದರೆ ಒಂದು ಗ್ರಾಂನ ಲಕ್ಷ ಕೋಟಿಯ ಒಂದು ಭಾಗ. ಇಷ್ಟು ಸಣ್ಣದನ್ನು ಅಳೆಯುವ ವಿಧಾನವನ್ನು 1963ರಲ್ಲಿ ಅಮೆರಿಕದ ಬರ್ಸನ್, ರೋಸಲಿನ್ ಯಾಲೊ ಮತ್ತು ಅವರ ಜೊತೆಗಾರರು ಪ್ರಕಟಿಸಿದರು. ಹಾರ್ಮೋನುಗಳನ್ನು ಅಳೆಯುವ ಈ ತಂತ್ರಕ್ಕಾಗಿ ಯಾಲೊ ಅವರಿಗೆ 1977ರಲ್ಲಿ ನೊಬೆಲ್ ಬಂತು. ಪರೀಕ್ಷೆಯ ದರ ಹೆಚ್ಚಾಗಿರುವುದು ಈ ಸೂಕ್ಷ್ಮತೆಯಿಂದಲೇ.

ಆರೋಗ್ಯವಂತರಲ್ಲಿ ಇದು ಸುಮಾರು 15ರಿಂದ 65ರೊಳಗೆ ಇರುತ್ತದೆ. ಡಯಾಲಿಸಿಸ್ ರೋಗಿಯ ರಿಪೋರ್ಟಿನಲ್ಲಿ 300 ಎಂದು ಬಂದು ಅದರ ಮುಂದೆ ಕಪ್ಪು ಗುರುತು ಬಿದ್ದರೆ ಮನೆಯವರು ಗಾಬರಿಯಾಗುತ್ತಾರೆ. ಗಾಬರಿ ಬೇಡ. ಕಿಡ್ನಿ ವೈಫಲ್ಯದಲ್ಲಿ ಎಲುಬು ಈ ಹಾರ್ಮೋನಿನ ಮಾತನ್ನು ಅಷ್ಟಾಗಿ ಕೇಳುವುದಿಲ್ಲ. ಎಲುಬಿನ ಕೆಲಸ ನಡೆಯಲು ಸ್ವಲ್ಪ ಹೆಚ್ಚೇ ಬೇಕಾಗುತ್ತದೆ. 2009ರ ಅಂತರರಾಷ್ಟ್ರೀಯ ಮಾರ್ಗಸೂಚಿ ಡಯಾಲಿಸಿಸ್ ರೋಗಿಗಳಲ್ಲಿ ಪಿ.ಟಿ.ಎಚ್. ಸಹಜ ಮಿತಿಯ ಎರಡರಿಂದ ಒಂಬತ್ತು ಪಟ್ಟಿನೊಳಗೆ ಇರಲಿ ಎಂದಿತು. 2017ರ ಪರಿಷ್ಕರಣೆಯೂ ಅದನ್ನೇ ಉಳಿಸಿಕೊಂಡಿತು. ಲ್ಯಾಬಿನ ಮೇಲಿನ ಮಿತಿ 65 ಆಗಿದ್ದರೆ ಸುಮಾರು 130ರಿಂದ 585 ಎಂದಾಯಿತು. ಇಷ್ಟು ವಿಶಾಲ ಅಂತರವೇಕೆ ಎಂದರೆ, ಒಂದು ಸಲದ ಅಂಕಿಗಿಂತ ಅದು ಯಾವ ಕಡೆ ನಡೆದಿದೆ ಎನ್ನುವುದೇ ಮುಖ್ಯ. ಆರು ತಿಂಗಳ ಹಿಂದೆ 180, ಮೂರು ತಿಂಗಳ ಹಿಂದೆ 320, ಈಗ 510 ಎಂದಿದ್ದರೆ ಮಿತಿಯೊಳಗೇ ಇದ್ದರೂ ವೈದ್ಯರು ಸುಮ್ಮನಿರುವುದಿಲ್ಲ. ಹಳೆಯ ರಿಪೋರ್ಟ್ ಇಲ್ಲದೆ ಬಂದವರ 510 ನೋಡಿ ಏನು ಹೇಳಲು ಸಾಧ್ಯ? ಆದ್ದರಿಂದ ದಯವಿಟ್ಟು ರಿಪೋರ್ಟುಗಳನ್ನು ರದ್ದಿಗೆ ಹಾಕಬೇಡಿ. ತಾರೀಖಿನ ಪ್ರಕಾರ ಒಂದು ಫೈಲಿನಲ್ಲಿ ಜೋಡಿಸಿಡಿ.

ಪಿ.ಟಿ.ಎಚ್. ಬಹಳ ಏರಿದಾಗ ಎಲುಬು ಕರಗುವ, ಕಟ್ಟುವ ಎರಡೂ ಕೆಲಸಗಳು ಮಿತಿಮೀರಿ ಓಡುತ್ತವೆ. ಅವಸರದಲ್ಲಿ ಕಟ್ಟಿದ ಗೋಡೆಯಂತೆ ಎಲುಬು ಟೊಳ್ಳಾಗುತ್ತದೆ. ತೀರ ಇಳಿದಾಗ ಎಲುಬು ಕೆಲಸವನ್ನೇ ನಿಲ್ಲಿಸಿ ನಿದ್ದೆ ಹೋದಂತಾಗುತ್ತದೆ. ದಿನನಿತ್ಯದ ಸಣ್ಣ ಬಿರುಕುಗಳೂ ರಿಪೇರಿಯಾಗುವುದಿಲ್ಲ, ರಕ್ತದ ಕ್ಯಾಲ್ಸಿಯಂಗೆ ಎಲುಬಿನಲ್ಲಿ ಜಾಗ ಸಿಗದೆ ಅದು ನಾಳಗಳ ಕಡೆ ಹೋಗುತ್ತದೆ. ಸಕ್ಕರೆ ಕಾಯಿಲೆ ಇರುವವರಲ್ಲಿ, ವಯಸ್ಸಾದವರಲ್ಲಿ, ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ ಔಷಧ ಅತಿಯಾದವರಲ್ಲಿ ಇದು ಹೆಚ್ಚು. ಎರಡೂ ಬಗೆಯಲ್ಲಿ ಎಲುಬು ಮುರಿಯಬಹುದು. ಚಿಕಿತ್ಸೆ ಮಾತ್ರ ಒಂದಕ್ಕೊಂದು ವಿರುದ್ಧ. ಒಬ್ಬರ ಔಷಧ ಪಕ್ಕದ ಹಾಸಿಗೆಯವರಿಗೆ ಆಗದು ಎಂದು ನಾವು ಹೇಳುವುದು ಇದಕ್ಕೇ.

ಇವೆರಡನ್ನು ಬೇರ್ಪಡಿಸಲು ಅಲ್ಕಲೈನ್ ಫಾಸ್ಫಟೇಸ್ ನೆರವಾಗುತ್ತದೆ. ದರ ಕಡಿಮೆಯ, ಎಲ್ಲ ಲ್ಯಾಬುಗಳಲ್ಲೂ ಸಿಗುವ ಪರೀಕ್ಷೆ ಇದು. ನನ್ನ ಅನಿಸಿಕೆಯಲ್ಲಿ ಇದಕ್ಕೆ ಸಿಗಬೇಕಾದ ಗಮನ ಸಿಕ್ಕಿಲ್ಲ. ಎಲುಬು ಕಟ್ಟುವ ಜೀವಕೋಶಗಳು ಇದನ್ನು ತಯಾರಿಸುತ್ತವೆ. ಪಿ.ಟಿ.ಎಚ್. ಮತ್ತು ಇದು ಎರಡೂ ಏರುತ್ತಿದ್ದರೆ ಎಲುಬು ಮಿತಿಮೀರಿ ಓಡುತ್ತಿದೆ ಎಂಬ ಗುಮಾನಿ ಬಲವಾಗುತ್ತದೆ. ಆದರೆ ಪಿತ್ತಜನಕಾಂಗವೂ ಇದನ್ನು ತಯಾರಿಸುವುದರಿಂದ ಕಾಮಾಲೆ, ಲಿವರ್ ತೊಂದರೆಗಳಲ್ಲಿಯೂ ಏರುತ್ತದೆ. ಬೆಳೆಯುವ ಮಕ್ಕಳಲ್ಲಿ, ಗರ್ಭಿಣಿಯರಲ್ಲಿ ಹೆಚ್ಚಿರುವುದು ಸಹಜ. ಎಲುಬಿನ ಪಾಲನ್ನಷ್ಟೇ ಅಳೆಯುವ ಪರೀಕ್ಷೆಯೂ ದೊಡ್ಡ ಲ್ಯಾಬುಗಳಲ್ಲಿ ಇದೆ, ಎಲ್ಲರಿಗೂ ಬೇಕಾಗುವುದಿಲ್ಲ. ರಕ್ತಪರೀಕ್ಷೆಗಳು ಒಂದಕ್ಕೊಂದು ತಾಳೆಯಾಗದಿದ್ದಾಗ ಸೊಂಟದ ಎಲುಬಿನ ಸಣ್ಣ ಚೂರು ತೆಗೆದು ನೋಡುವುದೇ ಕೊನೆಯ ಮಾತು. ಅಂಥ ಪ್ರಸಂಗ ಅಪರೂಪ.

ವಿಟಮಿನ್ ಡಿ ಪರೀಕ್ಷೆಯಲ್ಲಿ ಅಳೆಯುವುದು ದಾಸ್ತಾನನ್ನು, ಸಿದ್ಧ ರೂಪವನ್ನಲ್ಲ. ದಾಸ್ತಾನು ಕಡಿಮೆಯಿದ್ದರೆ ತುಂಬುತ್ತಾರೆ. ಸಿದ್ಧ ರೂಪದ ಔಷಧ ಬೇಕೇ ಎಂಬುದನ್ನು ಪಿ.ಟಿ.ಎಚ್. ನೋಡಿ ತೀರ್ಮಾನಿಸುತ್ತಾರೆ.

ರಕ್ತ ಕೊಡುವ ಮುನ್ನ

ಡಯಾಲಿಸಿಸ್ ರೋಗಿಗಳ ರಕ್ತವನ್ನು ಯಂತ್ರಕ್ಕೆ ಜೋಡಿಸುವ ಮೊದಲೇ ತೆಗೆಯಬೇಕು. ಮುಗಿದ ಮೇಲೆ ತೆಗೆದರೆ ಫಾಸ್ಫರಸ್ ತಾತ್ಕಾಲಿಕವಾಗಿ ಇಳಿದಿರುತ್ತದೆ, ಕ್ಯಾಲ್ಸಿಯಂ ಬದಲಾಗಿರುತ್ತದೆ. ಪಿ.ಟಿ.ಎಚ್. ಅನ್ನು ಸಾಧ್ಯವಾದಷ್ಟು ಒಂದೇ ಲ್ಯಾಬಿನಲ್ಲಿ ಮಾಡಿಸಿ. ಈ ಹಾರ್ಮೋನಿನ ತುಣುಕುಗಳು ಕಿಡ್ನಿ ವೈಫಲ್ಯದಲ್ಲಿ ರಕ್ತದಲ್ಲೇ ಉಳಿಯುತ್ತವೆ. ಒಂದೊಂದು ಕಂಪನಿಯ ಕಿಟ್ ಅವುಗಳನ್ನು ಒಂದೊಂದು ಬಗೆಯಲ್ಲಿ ಲೆಕ್ಕಕ್ಕೆ ಹಿಡಿಯುತ್ತದೆ. ಊರಿನ ಲ್ಯಾಬಿನ 400, ನಗರದ ಲ್ಯಾಬಿನ 280 ಎಂದರೆ ಕಾಯಿಲೆ ಇಳಿಯಿತೆಂದು ಹೇಳಲಾಗದು.

ಕೂದಲು ಉದುರುತ್ತದೆಂದು ಬಯೋಟಿನ್ ಮಾತ್ರೆ ತಿನ್ನುತ್ತಿದ್ದರೆ ಮೊದಲೇ ತಿಳಿಸಿ. ಕೆಲವು ಬಗೆಯ ಕಿಟ್‌ಗಳಲ್ಲಿ ಅದು ಪಿ.ಟಿ.ಎಚ್. ಸುಳ್ಳೇ ಕಡಿಮೆ ಎಂದು ತೋರಿಸುತ್ತದೆ. ಕಿಡ್ನಿ ಕೆಲಸ ಮಾಡದವರಲ್ಲಿ ಬಯೋಟಿನ್ ಬೇಗ ಹೊರಹೋಗುವುದೂ ಇಲ್ಲ. ಹಾಗೆಯೇ ಕುಡಿಯುವ ನೀರು ಯಾವುದೆಂದೂ ಹೇಳಿ. ಗದಗ ಜಿಲ್ಲೆಯ ಮುಂಡರಗಿ, ತುಮಕೂರಿನ ಪಾವಗಡದಂಥ ಕಡೆ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಅದನ್ನು ಹೊರಹಾಕಬೇಕಾದುದೂ ಕಿಡ್ನಿಯೇ. ಕಿಡ್ನಿ ಸೋತವರಲ್ಲಿ ಅದು ಎಲುಬಿನಲ್ಲಿ ಹೆಚ್ಚು ಸಂಗ್ರಹವಾಗಿ ಇನ್ನೊಂದು ಬಗೆಯ ಎಲುಬು ನೋವು ತರುತ್ತದೆ. ವೈದ್ಯರು ಕೇಳದಿದ್ದರೂ ಹೇಳಬೇಕಾದ ಮಾತು ಇದು.

ಡಯಾಲಿಸಿಸ್‌ನಲ್ಲಿರುವವರಿಗೆ ಕ್ಯಾಲ್ಸಿಯಂ, ಫಾಸ್ಫರಸ್ ಒಂದರಿಂದ ಮೂರು ತಿಂಗಳಿಗೊಮ್ಮೆ, ಪಿ.ಟಿ.ಎಚ್. ಮೂರರಿಂದ ಆರು ತಿಂಗಳಿಗೊಮ್ಮೆ, ಅಲ್ಕಲೈನ್ ಫಾಸ್ಫಟೇಸ್ ವರ್ಷಕ್ಕೊಮ್ಮೆಯಾದರೂ, ಪಿ.ಟಿ.ಎಚ್. ಏರಿದ್ದರೆ ಇನ್ನೂ ಬೇಗ. ಇದು ಸಾಮಾನ್ಯ ಕ್ರಮ. ಹಣದ ಅಡಚಣೆ ಇದ್ದರೆ ಚೀಟಿಯನ್ನು ಮುಚ್ಚಿಡದೆ ನಮಗೆ ತಿಳಿಸಿ. ಯಾವುದು ಈಗಲೇ ಬೇಕು, ಯಾವುದನ್ನು ಮುಂದೂಡಬಹುದು ಎಂದು ವೈದ್ಯರೇ ಹೇಳುತ್ತಾರೆ.

ಅಂಗಡಿಯ ಮಾತ್ರೆ, ಶಿಬಿರದ ಚೀಟಿ

ಉಚಿತ ಎಲುಬು ತಪಾಸಣೆ ಎಂದು ಅಲ್ಲಲ್ಲಿ ಶಿಬಿರ ನಡೆಯುತ್ತವೆ. ಹಿಮ್ಮಡಿಯನ್ನು ಯಂತ್ರದಲ್ಲಿಟ್ಟು "ಎಲುಬು ಸವೆದಿದೆ" ಎಂದು ಚೀಟಿ ಕೊಡುತ್ತಾರೆ, ಜೊತೆಗೆ ಕ್ಯಾಲ್ಸಿಯಂ ಮಾತ್ರೆ. ಆ ಯಂತ್ರಕ್ಕೆ ತಮ್ಮ ಕಿಡ್ನಿಯ ಸ್ಥಿತಿ ಗೊತ್ತಿಲ್ಲ. ಎಲುಬು ಯಾವ ಕಾರಣಕ್ಕೆ ಸವೆಯಿತು, ಓಡಿ ಸವೆಯಿತೋ ನಿದ್ದೆ ಹೋಗಿ ಸವೆಯಿತೋ ಅದು ಹೇಳದು. ವಿಟಮಿನ್ ಡಿಯ 60,000 ಯೂನಿಟ್ಟಿನ ಪುಡಿ, ಕ್ಯಾಲ್ಸಿಯಂ ಮಾತ್ರೆ, ಅಲ್ಯೂಮಿನಿಯಂ ಇರುವ ಹೊಟ್ಟೆಯುರಿಯ ಸಿರಪ್ಪು ಇವು ಮೂರನ್ನೂ ಕೇಳದೆ ತೆಗೆದುಕೊಳ್ಳಬಾರದು. ಅಲ್ಯೂಮಿನಿಯಂ ಎಲುಬಿನಲ್ಲಿ ಕೂತು ಎಲುಬು ಮೆದುವಾಗಿಸುತ್ತದೆ. ಎಲುಬು ಗಟ್ಟಿಮಾಡುವ ಇಂಜೆಕ್ಷನ್ ವಿಷಯದಲ್ಲಂತೂ ಬಹಳ ಎಚ್ಚರ ಬೇಕು. ಆರು ತಿಂಗಳಿಗೊಮ್ಮೆ ಕೊಡುವ ಡೆನೊಸುಮಾಬ್, ಡಯಾಲಿಸಿಸ್ ರೋಗಿಗಳಲ್ಲಿ ರಕ್ತದ ಕ್ಯಾಲ್ಸಿಯಂ ಅನ್ನು ಪ್ರಾಣಾಪಾಯದ ಮಟ್ಟಕ್ಕೆ ಇಳಿಸಬಲ್ಲದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2024ರ ಜನವರಿಯಲ್ಲಿ ಅತಿ ಗಂಭೀರ ಎಚ್ಚರಿಕೆ ನೀಡಿದೆ. ಬೇರೆ ಯಾವ ಆಸ್ಪತ್ರೆಗೆ ಹೋದರೂ "ನನಗೆ ಕಿಡ್ನಿ ವೈಫಲ್ಯವಿದೆ" ಎಂಬ ಮಾತನ್ನು ಮೊದಲು ಹೇಳಿ.

ಜೊತೆಗಿರುವವರು ಗಮನಿಸಬೇಕಾದದ್ದು: ನೆಲದಲ್ಲಿ ಕೂತವರು ಕೈಯೂರದೆ ಏಳಲಾರರೇ, ಮೆಟ್ಟಿಲು ಹತ್ತಲು ತೊಡೆಯಲ್ಲಿ ಶಕ್ತಿ ಸಾಲದೇ, ಸೊಂಟ, ಹಿಮ್ಮಡಿ, ಪಕ್ಕೆಲುಬುಗಳಲ್ಲಿ ನೋವಿದೆಯೇ, ಎತ್ತರ ಕುಗ್ಗಿದಂತಿದೆಯೇ. ಮಕ್ಕಳಾದರೆ ಎತ್ತರವನ್ನು ಗೋಡೆಯ ಮೇಲೆ ಗುರುತು ಮಾಡಿ, ಕಾಲು ಬಾಗುತ್ತಿದೆಯೇ ನೋಡಿ. ಪಿ.ಟಿ.ಎಚ್. ಇಳಿಸುವ ಸಿನಾಕ್ಯಾಲ್ಸೆಟ್ ಮಾತ್ರೆ ಶುರುಮಾಡಿದವರಿಗೆ, ಪ್ಯಾರಾಥೈರಾಯ್ಡ್ ಗ್ರಂಥಿ ತೆಗೆಸಿಕೊಂಡವರಿಗೆ ಕ್ಯಾಲ್ಸಿಯಂ ಕುಸಿಯಬಹುದು. ಶಸ್ತ್ರಚಿಕಿತ್ಸೆಯ ನಂತರ ಹಸಿದ ಎಲುಬು ರಕ್ತದ ಕ್ಯಾಲ್ಸಿಯಂ ಅನ್ನು ಗಬಗಬನೆ ಎಳೆದುಕೊಳ್ಳುತ್ತದೆ. ಆ ದಿನಗಳಲ್ಲಿ ದಿನಕ್ಕೆ ಹಲವು ಸಲ ರಕ್ತ ತೆಗೆಯುತ್ತಾರೆ, ಬೇಸರಪಡಬೇಡಿ. ತುಟಿಯ ಸುತ್ತ, ಬೆರಳ ತುದಿಗಳಲ್ಲಿ ಜುಮುಜುಮು ಎಂದರೆ, ಕೈ ಸೆಟೆದುಕೊಂಡರೆ ಬೆಳಗಿನವರೆಗೆ ಕಾಯದೆ ಆ ಕ್ಷಣವೇ ಸಿಸ್ಟರನ್ನು ಕರೆಯಿರಿ. ಮನೆಯಲ್ಲಿದ್ದರೆ ತಡಮಾಡದೆ ಹತ್ತಿರದ ಆಸ್ಪತ್ರೆಗೆ ಬನ್ನಿ, ಬರುವಾಗ ರಿಪೋರ್ಟಿನ ಫೈಲು ಜೊತೆಗಿರಲಿ.